ಉಚಿತ ಪ್ರಚಾರಕ್ಕೂ ಒಂದು ಖಾತೆ ಬೇಕು

ಹತ್ತು ಹನ್ನೆರಡು ವರ್ಷಗಳ ಹಿಂದೆ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ತಮ್ಮದೇ ಆದ ಮೊಬೈಲ್ ಆ್ಯಪ್ ಮಾಡಿಸುತ್ತೇನೆಂದು ಹೇಳಿದ್ದರೆ ಕೇಳಿದವರು ಮುಗುಳ್ನಕ್ಕು ಸುಮ್ಮನಾಗುತ್ತಿದ್ದರು. ಇಂದು ಪರಿಸ್ಥಿತಿ ಬೇರೆಯಾಗಿದೆ. ಚಿಲ್ಲರೆ ಅಂಗಡಿಗಳಿಂದ ನೇರವಾಗಿ ಬೇಡಿಕೆ ಪಡೆಯಬಯಸುವ ಸಗಟು ವರ್ತಕರು, ಬಿಡಿಭಾಗಗಳ ಅಳತೆ ಮತ್ತು ದರಪಟ್ಟಿಯನ್ನು ಗಿರಾಕಿಯ ಅಂಗೈಯಲ್ಲೇ ಇರಿಸಬಯಸುವ ತಯಾರಕರು, ಬಿಡುವಿರುವ ಲೇತ್ ಯಂತ್ರಕ್ಕೆ ಜಾಬ್‌ವರ್ಕ್ ಹುಡುಕುವವರು, ಹೀಗೆ ನಮ್ಮ ಸದಸ್ಯರ ಪೈಕಿ ಹಲವರು ಆ್ಯಪ್ ಮಾಡಿಸಿದ್ದಾರೆ ಅಥವಾ ಮಾಡಿಸುವ ಆಲೋಚನೆಯಲ್ಲಿದ್ದಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ ಆ್ಯಪ್ ಮಾಡಿಸಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸಬಹುದಾದ ಕಾಲ ಇದು.

ಆ್ಯಪನ್ನು ಸಿದ್ಧಪಡಿಸುವ ವೆಚ್ಚವನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು. ಅದನ್ನು ಜನರ ಫೋನಿಗೆ ತಲಪಿಸುವುದು ಹೇಗೆ ಎಂಬಲ್ಲಿ ನಿಜವಾದ ಕಷ್ಟ ಆರಂಭವಾಗುತ್ತದೆ. ಜಾಹೀರಾತು ಸಂಸ್ಥೆಯ ದರಪಟ್ಟಿ ನೋಡಿ ಹಿಂಜರಿದವರಿಗೆ ಯಾರಾದರೊಬ್ಬರು ಕಿವಿಮಾತು ಹೇಳಿಯೇ ಇರುತ್ತಾರೆ: "ಖರ್ಚೇ ಬೇಡ ಸ್ವಾಮಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ, ಫೇಸ್‌ಬುಕ್ ಬಳಗಗಳಿಗೆ ಹಾಕಿ, ಟೆಲಿಗ್ರಾಂಗೆ ಹಾಕಿ. ಎಲ್ಲವೂ ಉಚಿತ." ಪುಕ್ಕಟೆ ಎಂದರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಎನ್ನುವುದು ಮನುಷ್ಯ ಸ್ವಭಾವ. ಅಂದು ಸಂಜೆಯೇ ಮಗನೋ ಸೋದರಳಿಯನೋ ಕೈಗೆ ಸಿಕ್ಕ ಗುಂಪುಗಳಿಗೆಲ್ಲ ಕೊಂಡಿಯನ್ನು ರವಾನಿಸಿಬಿಡುತ್ತಾನೆ.

ಆನ್‌ಲೈನ್ ಸಮುದಾಯಗಳ ಮೂಲಕ ಹಣ ವ್ಯಯಿಸದೆ ಪ್ರಚಾರ ಪಡೆಯುವುದಕ್ಕೆ ನನ್ನ ವಿರೋಧವಿಲ್ಲ. ಸಣ್ಣ ಬಂಡವಾಳದವರಿಗೆ ಜಾಹೀರಾತಿಗಿಂತ ಅದೇ ಸೂಕ್ತವಾದ ದಾರಿಯೆಂಬುದು ನನ್ನ ಅಭಿಪ್ರಾಯ. ಆದರೆ ಅದು ಉಚಿತವೆಂಬ ಮಾತನ್ನು ಲೆಕ್ಕಪರಿಶೋಧಕನಾಗಿ ನಾನು ಒಪ್ಪಲಾರೆ. ಅದರ ಬೆಲೆಯನ್ನು ಎರಡು ನಾಣ್ಯಗಳಲ್ಲಿ ತೆರಬೇಕಾಗುತ್ತದೆ. ಒಂದು, ಮಾಲೀಕನ ಸಮಯ. ಇನ್ನೊಂದು, ಆತ ವರ್ಷಗಟ್ಟಲೆ ಗಳಿಸಿದ ವಿಶ್ವಾಸ. ಇವೆರಡೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಾಣಿಸದ್ದರಿಂದಲೇ ಅವು ಕೈ ಜಾರಿ ಪೋಲಾಗುತ್ತವೆ.

ಜಾಹೀರಾತಿಗಿಂತ ಸಮುದಾಯ ಮೇಲೆಂದು ಹೇಳಲು ಅಂಕಿ ಅಂಶಗಳ ಆಧಾರವಿದೆ. ಅಮೆರಿಕದ ಡ್ರಾಪ್‌ಬಾಕ್ಸ್ ಸಂಸ್ಥೆಯನ್ನು 2007ರಲ್ಲಿ ಡ್ರ್ಯೂ ಹೌಸ್ಟನ್ ಮತ್ತು ಅರಾಶ್ ಫಿರ್ದೌಸಿ ಎಂಬ ಇಬ್ಬರು ಯುವಕರು ಆರಂಭಿಸಿದರು. ಕಡತಗಳನ್ನು ಅಂತರಜಾಲದಲ್ಲಿ ಇರಿಸಿ, ಯಾವ ಯಂತ್ರದಿಂದ ಬೇಕಾದರೂ ತೆರೆಯುವ ಸೌಲಭ್ಯ ಅವರದು. ಮೊದಲಿಗೆ ಅದು ಕಂಪ್ಯೂಟರಿನ ತಂತ್ರಾಂಶ, ಫೋನಿನ ಆ್ಯಪ್ ಬಂದದ್ದು ಅನಂತರ. ಗೂಗಲ್ ಹುಡುಕಾಟದ ಪಕ್ಕದಲ್ಲಿ ಬರುವ ಜಾಹೀರಾತನ್ನು ಪ್ರಯತ್ನಿಸಿದಾಗ ಒಬ್ಬ ಗಿರಾಕಿಯನ್ನು ಸಂಪಾದಿಸಲು 233ರಿಂದ 388 ಡಾಲರುಗಳವರೆಗೆ ವೆಚ್ಚವಾಯಿತೆಂದು ಹೌಸ್ಟನ್ ಮುಂದೆ ಬಹಿರಂಗವಾಗಿ ಹೇಳಿಕೊಂಡರು. ಅವರು ಮಾರುತ್ತಿದ್ದ ಸೇವೆಯ ಬೆಲೆ 99 ಡಾಲರ್. ತೊಂಬತ್ತೊಂಬತ್ತು ರೂಪಾಯಿಯ ಸರಕನ್ನು ಗಿರಾಕಿಯ ಮನೆಗೆ ಮುಟ್ಟಿಸಲು ಮುನ್ನೂರೆಂಬತ್ತೆಂಟು ರೂಪಾಯಿ ಗಾಡಿ ಬಾಡಿಗೆ ತೆತ್ತಂತೆ. ಇಂತಹ ವ್ಯಾಪಾರ ಎಷ್ಟು ಹೆಚ್ಚಿದರೆ ನಷ್ಟವೂ ಅಷ್ಟೇ ಹೆಚ್ಚುತ್ತದೆ.

ಅದೇ ಹೌಸ್ಟನ್ 2008ರ ಮಾರ್ಚ್‌ನಲ್ಲಿ ತಮ್ಮ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ಚಿಕ್ಕದೊಂದು ವಿಡಿಯೊವನ್ನು ಡಿಗ್ ಎಂಬ ಆನ್‌ಲೈನ್ ಬಳಗದ ಮುಂದಿಟ್ಟರು. ಸೇವೆ ಆರಂಭವಾದೊಡನೆ ತಮಗೆ ತಿಳಿಸಿ ಎಂದು ಹೆಸರು ಕೊಟ್ಟವರ ಪಟ್ಟಿ ರಾತ್ರಿ ಬೆಳಗಾಗುವಷ್ಟರಲ್ಲಿ 5,000ದಿಂದ 75,000ಕ್ಕೆ ಏರಿತು. ಈ ಕಥೆಯನ್ನು ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಗಮನಿಸಬೇಕಾದದ್ದು ಆ ವಿಡಿಯೊದ ಒಳಗಿತ್ತು. ಡಿಗ್ ಬಳಗದವರಿಗೆ ಮಾತ್ರ ಅರ್ಥವಾಗುವ ಹಾಸ್ಯದ ಸುಳಿವುಗಳನ್ನು ಹೌಸ್ಟನ್ ಅದರಲ್ಲಿ ಅಲ್ಲಲ್ಲಿ ಅಡಗಿಸಿಟ್ಟಿದ್ದರು. ನೋಡಿದವರಿಗೆ, ಇವನು ನಮ್ಮವನೇ, ನಮ್ಮ ಜೊತೆ ಕುಳಿತು ಹರಟೆ ಹೊಡೆಯುವವನೇ ಎಂದು ಮನವರಿಕೆಯಾಯಿತು. ಆ ಮನವರಿಕೆಯನ್ನು ಹಣ ಕೊಟ್ಟು ಕೊಳ್ಳಲು ಬರುತ್ತಿರಲಿಲ್ಲ. ಆ ಬಳಗದ ಒಳಗೆ ಹೌಸ್ಟನ್ ಕಳೆದ ಸಮಯವೇ ಅದರ ಬೆಲೆ.

ಮುಂದೆ ಅವರು ಗಿರಾಕಿಯೇ ಗಿರಾಕಿಯನ್ನು ಕರೆತರುವ ಯೋಜನೆ ರೂಪಿಸಿದರು. ಕರೆತಂದವರಿಗೂ ಬಂದವರಿಗೂ ಕಡತ ಇಡಲು ಹೆಚ್ಚುವರಿ ಜಾಗ ಉಡುಗೊರೆ. 2008ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷವಿದ್ದ ನೋಂದಾಯಿತ ಬಳಕೆದಾರರ ಸಂಖ್ಯೆ 2010ರ ಜನವರಿಯ ಹೊತ್ತಿಗೆ ನಲವತ್ತು ಲಕ್ಷವಾಯಿತು. ಕೊಟ್ಟ ಉಡುಗೊರೆ ನಗದಲ್ಲ, ತಮ್ಮದೇ ಸರಕು. ಇದನ್ನೂ ನಮ್ಮವರು ಗಮನಿಸಬೇಕು.

ಸಾಗರದಾಚೆಯ ಉದಾಹರಣೆ ನಮಗೇಕೆ ಎನ್ನುವವರಿಗೆ ಬೆಂಗಳೂರಿನಲ್ಲೇ ಒಂದಿದೆ. 2010ರ ಆಗಸ್ಟ್‌ನಲ್ಲಿ ನಿತಿನ್ ಕಾಮತ್ ಆರಂಭಿಸಿದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ. ಶೂನ್ಯ ಮತ್ತು ರೋಧ, ಅಂದರೆ ಅಡೆತಡೆಯಿಲ್ಲದ್ದು ಎಂಬ ಅರ್ಥದಲ್ಲಿ ಕಟ್ಟಿದ ಹೆಸರು. ಈ ಕ್ಷೇತ್ರದಲ್ಲಿ ಇತರರು ದೂರದರ್ಶನದ ಜಾಹೀರಾತಿಗೂ ಕ್ರಿಕೆಟ್ ಪಂದ್ಯಗಳಿಗೂ ಹಣ ಸುರಿಯುತ್ತಿದ್ದಾಗ ಇವರು ಜಾಹೀರಾತಿನ ಗೊಡವೆಗೆ ಹೋಗಲಿಲ್ಲ. ಷೇರು ವಹಿವಾಟು ಮಾಡುವವರು ಸೇರುವ ಆನ್‌ಲೈನ್ ಬಳಗಗಳಲ್ಲಿ ಸ್ವತಃ ಸಂಸ್ಥಾಪಕರೇ ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬಂದರು. ಅನಂತರ ಟ್ರೇಡಿಂಗ್ ಕ್ಯೂ ಅಂಡ್ ಎ ಎಂಬ ತಮ್ಮದೇ ಪ್ರಶ್ನೋತ್ತರ ವೇದಿಕೆಯನ್ನೂ, ವಾರ್ಸಿಟಿ ಎಂಬ ಹೆಸರಿನ ಉಚಿತ ಪಾಠಮಾಲೆಯನ್ನೂ ಆರಂಭಿಸಿದರು. ಕೈಟ್ ಎಂಬ ಅವರ ಆ್ಯಪ್ ಹೊರಬಂದಾಗ ಅದನ್ನು ಸ್ಥಾಪಿಸಿಕೊಳ್ಳಲು ಒಂದು ಬಳಗ ಆಗಲೇ ಸಿದ್ಧವಾಗಿತ್ತು. ನಮ್ಮ ಓದುಗರು ಷೇರು ಪೇಟೆಗೆ ಇಳಿಯಬೇಕೆಂಬ ಸಲಹೆ ಇದಲ್ಲ, ಆ ವಿಷಯದಲ್ಲಿ ನನ್ನ ಅಭಿಪ್ರಾಯವೇ ಬೇರೆ. ಹೇಳಬೇಕಾದ ಮಾತಿಷ್ಟೆ: ಅವರು ಜಾಹೀರಾತಿನ ಹಣ ಉಳಿಸಿದ್ದು ನಿಜ, ಆದರೆ ಆ ಜಾಗದಲ್ಲಿ ವರ್ಷಗಟ್ಟಲೆ ಮಾಲೀಕನ ಸಮಯವನ್ನು ಸುರಿದರು.

ಈ ಸಮಯವು ಲೆಕ್ಕಕ್ಕೆ ಬಾರದಿರುವುದು ಹೇಗೆಂದು ನೋಡೋಣ. ಲೆಕ್ಕಪತ್ರ ಮಾನದಂಡ 26 ಅಮೂರ್ತ ಆಸ್ತಿಗಳನ್ನು ಕುರಿತದ್ದು. ಅದರ ಪ್ರಕಾರ ಆ್ಯಪನ್ನು ಅಭಿವೃದ್ಧಿಪಡಿಸಿದ ಹಂತದ ವೆಚ್ಚವನ್ನು ಕೆಲವು ಷರತ್ತುಗಳಿಗೆ ಒಳಪಟ್ಟು ಆಸ್ತಿಯೆಂದು ತೋರಿಸಬಹುದು. ಪ್ರಚಾರದ ವೆಚ್ಚವನ್ನು ಹಾಗೆ ತೋರಿಸುವಂತಿಲ್ಲ, ಅದು ಲಾಭ-ನಷ್ಟ ಖಾತೆಗೇ ಹೋಗಬೇಕು. ನಾವೇ ಬೆಳೆಸಿಕೊಂಡ ಹೆಸರು, ನಾವೇ ಕೂಡಿಹಾಕಿದ ಗಿರಾಕಿಗಳ ಪಟ್ಟಿ, ನಾವೇ ಗಳಿಸಿದ ಕೀರ್ತಿಮೌಲ್ಯ ಇವು ಯಾವುವೂ ಅಢಾವೆ ಪತ್ರಿಕೆಯಲ್ಲಿ ಕಾಣಿಸಿಕೊಳ್ಳಲು ಅರ್ಹವಲ್ಲ. ಸ್ವಂತ ಮಾಲೀಕತ್ವದ ಸಂಸ್ಥೆಯಲ್ಲಂತೂ ಮಾಲೀಕನ ದುಡಿಮೆಗೆ ಸಂಬಳವೆಂಬ ಖರ್ಚೇ ಇಲ್ಲ, ಆತ ತೆಗೆದುಕೊಳ್ಳುವುದೆಲ್ಲ ಬಂಡವಾಳದ ಹಿಂತೆಗೆತ. ಹೀಗಾಗಿ ಒಬ್ಬ ವರ್ತಕ ಮೂರು ತಿಂಗಳು ಫೋನಿನಲ್ಲಿ ಮುಳುಗಿ ಪ್ರಚಾರ ಮಾಡಿದರೂ ಪ್ರಚಾರ ಖಾತೆಯಲ್ಲಿ ಸೊನ್ನೆ. ಒಂದು ಅವಿವೇಕದ ಸಂದೇಶದಿಂದ ಇಪ್ಪತ್ತು ವರ್ಷದ ಗಿರಾಕಿ ಮುನಿಸಿಕೊಂಡರೂ ನಷ್ಟದ ಖಾತೆಯಲ್ಲಿ ಸೊನ್ನೆ.

ಆದ್ದರಿಂದ ಆಡಿಟ್‌ಗಾಗಿ ಅಲ್ಲದಿದ್ದರೂ ತಮ್ಮ ತಿಳಿವಳಿಕೆಗಾಗಿ ಒಂದು ಪ್ರತ್ಯೇಕ ಹಾಳೆ ಇಡಿ ಎಂದು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ. ಊಹೆಯ ಅಂಕಿಗಳಲ್ಲೇ ಲೆಕ್ಕ ಹಾಕಿ ನೋಡೋಣ. ಮಾಲೀಕ ದಿನಕ್ಕೆ ಒಂದೂವರೆ ತಾಸಿನಂತೆ 90 ದಿನ ಸಮುದಾಯಗಳಲ್ಲಿ ಕಳೆದರೆ 135 ತಾಸು. ಆತನ ಒಂದು ತಾಸಿಗೆ 500 ರೂಪಾಯಿ ಎಂದಿಟ್ಟುಕೊಂಡರೆ 67,500 ರೂಪಾಯಿ. ಈ ಅವಧಿಯಲ್ಲಿ ಆ್ಯಪನ್ನು ಇಳಿಸಿಕೊಂಡ ಅಂಗಡಿಗಳು 150, ಅವುಗಳ ಪೈಕಿ ಕ್ರಮವಾಗಿ ಬೇಡಿಕೆ ಕಳಿಸತೊಡಗಿದವು 45 ಎಂದುಕೊಳ್ಳೋಣ. ಒಂದು ಅಂಗಡಿಯನ್ನು ಸಂಪಾದಿಸಲು ತಗುಲಿದ್ದು 1,500 ರೂಪಾಯಿ. ಅಂಗಡಿಯೊಂದು ತಿಂಗಳಿಗೆ 6,000 ರೂಪಾಯಿಯ ಸರಕು ಕೊಂಡು, ಅದರಲ್ಲಿ ನಮಗೆ ಶೇಕಡಾ 8 ಉಳಿದರೆ 480 ರೂಪಾಯಿ. ಮೂರು ತಿಂಗಳು ಕಳೆದು ನಾಲ್ಕನೆಯ ತಿಂಗಳಿಗೆ ಕಾಲಿಟ್ಟ ಮೇಲೆಯೇ ಅಸಲು ಕೈಸೇರುತ್ತದೆ. ಕೆಟ್ಟ ವ್ಯವಹಾರವೇನೂ ಅಲ್ಲ. ಆದರೆ 150 ಎಂಬ ಅಂಕಿಯಿಂದ ಭಾಗಿಸಿ 450 ರೂಪಾಯಿಗೆ ಒಂದು ಗಿರಾಕಿ ಸಿಕ್ಕಿತೆಂದು ಹಿಗ್ಗುವವರೇ ಹೆಚ್ಚು. ಆ್ಯಪನ್ನು ಇಳಿಸಿಕೊಂಡವನು ಗಿರಾಕಿಯಲ್ಲ. ಅಂಗಡಿಯ ಮುಂದೆ ನಿಂತು ಫಲಕ ಓದಿದವನಷ್ಟೆ.

ಸಮಯದ ಮಾತಾಯಿತು. ವಿಶ್ವಾಸದ ಮಾತು ಇನ್ನೂ ಸೂಕ್ಷ್ಮವಾದದ್ದು. ನನಗೆ ಪರಿಚಿತರಾದ ವಿದ್ಯುತ್ ಉಪಕರಣಗಳ ವಿತರಕರೊಬ್ಬರು ಚಿಲ್ಲರೆ ಅಂಗಡಿಯವರಿಗಾಗಿ ಬೇಡಿಕೆ ಆ್ಯಪ್ ಮಾಡಿಸಿದರು. ಉತ್ತಮ ಆ್ಯಪ್, ಕನ್ನಡದಲ್ಲೂ ಇತ್ತು. ಅವರ ಸೋದರಳಿಯ ಒಂದೇ ಸಂಜೆ ಅದರ ಕೊಂಡಿಯನ್ನು ನಲವತ್ತರಷ್ಟು ಗುಂಪುಗಳಿಗೆ ಕಳಿಸಿದ. ವ್ಯಾಪಾರಿಗಳ ಗುಂಪು, ಬಡಾವಣೆಯ ನಿವಾಸಿಗಳ ಗುಂಪು, ಶಾಲೆಯ ಪೋಷಕರ ಗುಂಪು, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಗುಂಪು, ಯಾವುದನ್ನೂ ಬಿಡಲಿಲ್ಲ. ಎರಡು ದಿನ ಆ್ಯಪ್ ಇಳಿಸಿಕೊಂಡವರ ಸಂಖ್ಯೆ ಏರುತ್ತಲೇ ಇತ್ತು. ಮೂರನೆಯ ದಿನ ಹಳೆಯ ಗಿರಾಕಿಯೊಬ್ಬರು ಫೋನು ಮಾಡಿ, "ಏನು ರಾಯರೇ, ಇನ್ನು ಮೇಲೆ ನಮ್ಮ ಬಡಾವಣೆಯ ಮನೆಗಳಿಗೆ ನೀವೇ ನೇರವಾಗಿ ಫ್ಯಾನು ಮಾರುತ್ತೀರಾ?" ಎಂದು ಕೇಳಿದರು. ನಿವಾಸಿಗಳ ಗುಂಪಿನಲ್ಲಿ ಆ್ಯಪ್ ಇಳಿಸಿಕೊಂಡವರೊಬ್ಬರು ಅಂಗಡಿಗೆ ಬಂದು, ಸಗಟು ದರವನ್ನು ತೋರಿಸಿ, ಅದೇ ದರಕ್ಕೆ ಕೊಡಿ ಎಂದು ಪಟ್ಟು ಹಿಡಿದಿದ್ದರಂತೆ. ವಿತರಕರು ಮೂರು ವಾರ ಅಂಗಡಿಯಿಂದ ಅಂಗಡಿಗೆ ಅಲೆದು ಸಮಾಧಾನ ಹೇಳಬೇಕಾಯಿತು. ಸಗಟು ದರವನ್ನು ಪರಿಶೀಲಿತ ಅಂಗಡಿಗಳಿಗೆ ಮಾತ್ರ ತೋರಿಸುವಂತೆ ಆ್ಯಪನ್ನು ತಿದ್ದಿಸಿದರು. ಅಷ್ಟಾದರೂ ಇಬ್ಬರು ಗಿರಾಕಿಗಳು ಮರಳಿ ಬರಲಿಲ್ಲ.

ಆ ಹುಡುಗನದು ದುರುದ್ದೇಶವಲ್ಲ, ಶಿಷ್ಟಾಚಾರದ ಲೋಪವೆಂದೂ ನಾನು ಅದನ್ನು ಕರೆಯುವುದಿಲ್ಲ. ಪ್ರಚಾರಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ: ಯಾವ ಬಳಗದ ಮುಂದೆ ನಾವು ನಿಲ್ಲುತ್ತಿದ್ದೇವೆಯೋ ಆ ಬಳಗಕ್ಕೆ ಈ ಆ್ಯಪಿನಿಂದ ಏನು ಲಾಭ? ಯಾರಿಗೆ ನಷ್ಟ? ಎಲ್ಲ ಗುಂಪುಗಳೂ ಒಂದೇ ಎಂದು ಬಗೆದವರು ಈ ಪ್ರಶ್ನೆಯನ್ನು ಕೇಳಲಾರರು.

ಆ ಪ್ರಶ್ನೆಗೆ ಸರಿಯಾದ ಉತ್ತರವಿದ್ದಾಗ ಏನಾಗುತ್ತದೆಂಬುದಕ್ಕೆ 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಮ್ಮ ಯಾತ್ರಿ ಸಾಕ್ಷಿ. ಜಸ್‌ಪೇ ಸಂಸ್ಥೆ ರೂಪಿಸಿದ ಈ ಆಟೋ ಆ್ಯಪಿನ ಜೊತೆಗೆ ಮೊದಲ ದಿನದಿಂದಲೇ ಆಟೋ ಚಾಲಕರ ಸಂಘವೊಂದು ನಿಂತಿತು. ಚಾಲಕನ ದುಡಿಮೆಯಲ್ಲಿ ಕಮಿಷನ್ ಹಿಡಿಯುವುದಿಲ್ಲವೆಂಬುದು ಅದರ ಮೂಲ ನಿಬಂಧನೆ. 2023ರಲ್ಲಿ ಶುಲ್ಕ ಬಂದಾಗಲೂ ಅದು ದಿನಕ್ಕೆ 25 ರೂಪಾಯಿಯ ಚಂದಾ ರೂಪದಲ್ಲಿ ಬಂತು. ತನ್ನ ಜೇಬಿನ ಹಣ ಉಳಿಸುವ ಆ್ಯಪಿನ ವಿಷಯವನ್ನು ಚಾಲಕನು ತನ್ನ ಜೊತೆಗಾರನಿಗೂ ಪ್ರಯಾಣಿಕನಿಗೂ ಹೇಳಲು ಯಾರೂ ಒತ್ತಾಯಿಸಬೇಕಾಗಿಲ್ಲ. ಸಮುದಾಯವು ಇನ್ನೊಬ್ಬರ ಸರಕನ್ನು ಪುಕ್ಕಟೆ ಹೊರುವುದಿಲ್ಲ, ತನ್ನ ಹಿತವನ್ನು ಹೊರುತ್ತದೆ. ಆ ಹಿತದ ಜೊತೆಗೆ ನಿಮ್ಮ ಆ್ಯಪ್ ಸಾಗಿದರೆ ಸಾಗೀತು.

ಹಾಗಾದರೆ ನಮ್ಮ ಅಳತೆಯ ಉದ್ಯಮಿ ಮಾಡಬೇಕಾದದ್ದೇನು? ಮೊದಲನೆಯದಾಗಿ, ನಲವತ್ತು ಗುಂಪುಗಳ ಬದಲು ಒಂದೋ ಎರಡೋ ಗುಂಪುಗಳನ್ನು ಆರಿಸಿಕೊಳ್ಳಲಿ. ತನ್ನ ಕಸುಬಿನವರು, ತನ್ನ ಸರಕನ್ನು ಬಳಸುವವರು ಸೇರುವ ಜಾಗವೇ ಆಗಿರಲಿ. ಮೋಟಾರು ರೀವೈಂಡಿಂಗ್ ಮಾಡುವವರ ಗುಂಪಿನಲ್ಲಿರುವ ಇನ್ನೂರು ಜನ ತಾಮ್ರದ ತಂತಿ ಮಾರುವವನಿಗೆ ಇಡೀ ಜಿಲ್ಲೆಯಷ್ಟು ಬೆಲೆ ಬಾಳುತ್ತಾರೆ. ಅಲ್ಲಿ ಹೋದೊಡನೆ ಆ್ಯಪಿನ ಮಾತೆತ್ತಬಾರದು. ಹೊಸ ಊರಿನ ಸಂತೆಗೆ ಹೋದ ವ್ಯಾಪಾರಿ ಮೊದಲ ವಾರ ದರ ವಿಚಾರಿಸುತ್ತಾನೆ, ಯಾರ ಜಾಗ ಯಾವುದೆಂದು ನೋಡಿಕೊಳ್ಳುತ್ತಾನೆ, ಪಕ್ಕದವನ ತಕ್ಕಡಿಗೆ ಕೈ ಆಸರೆ ಕೊಡುತ್ತಾನೆ. ಇಲ್ಲೂ ಹಾಗೆಯೇ. ಯಾವ ಗೇಜಿನ ತಂತಿ ಎಲ್ಲಿ ಸಿಗುತ್ತದೆಂದು ಯಾರಾದರೂ ಕೇಳಿದರೆ, ಅದು ತನ್ನಲ್ಲಿಲ್ಲದೆ ಎದುರಾಳಿಯ ಅಂಗಡಿಯಲ್ಲಿದ್ದರೂ ಹೇಳಬೇಕು. ತಿಂಗಳೆರಡು ತಿಂಗಳು ಹೀಗೆ ಉಪಯೋಗಕ್ಕೆ ಬಂದವನು, ಅಡ್ಮಿನ್‌ರ ಅನುಮತಿ ಪಡೆದು, "ನಾನೊಂದು ಆ್ಯಪ್ ಮಾಡಿಸಿದ್ದೇನೆ, ಹತ್ತು ಜನ ಬಳಸಿ ನೋಡಿ ತಪ್ಪು ಹೇಳಿ" ಎಂದು ಕೇಳಿದರೆ ಹತ್ತಕ್ಕೆ ಇಪ್ಪತ್ತು ಜನ ಮುಂದೆ ಬರುತ್ತಾರೆ. ಇಳಿಸಿಕೊಳ್ಳಿ ಎಂದು ಬೇಡುವುದಕ್ಕೂ ತಪ್ಪು ಹೇಳಿ ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ನಮ್ಮ ಜನಕ್ಕೆ ಸಲಹೆ ಕೊಡುವುದರಲ್ಲಿ ಇರುವ ಉತ್ಸಾಹ ಕೊಳ್ಳುವುದರಲ್ಲಿ ಇಲ್ಲವೆಂಬುದು ಅಂಗಡಿ ನಡೆಸುವ ಎಲ್ಲರಿಗೂ ತಿಳಿದದ್ದೇ.

ಈ ಕೆಲಸವನ್ನು ಮಾಲೀಕನೇ ಮಾಡಬೇಕು. ದಿನಗೂಲಿಗೆ ಬರುವ ಸಾಮಾಜಿಕ ಜಾಲತಾಣ ನಿರ್ವಾಹಕನಿಗೆ ವಹಿಸಿದರೆ ಆತ ಹಬ್ಬದ ಶುಭಾಶಯ ಹಾಕುತ್ತಾನೆಯೇ ಹೊರತು ತಂತಿಯ ಗೇಜಿನ ಪ್ರಶ್ನೆಗೆ ಉತ್ತರಿಸಲಾರ. ಬಂದ ದೂರಿಗೆ ಅಂದೇ ಉತ್ತರ, ತಿದ್ದಿದ ಮೇಲೆ ಹೇಳಿದವರ ಹೆಸರೆತ್ತಿ ಒಂದು ಕೃತಜ್ಞತೆ, ಇಷ್ಟಾದರೆ ಸಾಕು. ವಾಟ್ಸ್‌ಆ್ಯಪಿನ ಬ್ರಾಡ್‌ಕಾಸ್ಟ್ ಸಂದೇಶವು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲಪುತ್ತದೆ. ಅನೇಕರು ಇದನ್ನು ದೋಷವೆಂದು ಗೊಣಗುತ್ತಾರೆ. ನನಗದು ಉತ್ತಮವಾದ ಅಳತೆಗೋಲಾಗಿ ಕಾಣುತ್ತದೆ. ನಮ್ಮನ್ನು ಗುರುತಿಟ್ಟುಕೊಳ್ಳುವಷ್ಟು ಬೆಲೆ ಕೊಟ್ಟವರು ಎಷ್ಟು ಮಂದಿ ಎಂಬುದು ಅಲ್ಲಿ ತಾನಾಗಿಯೇ ತಿಳಿಯುತ್ತದೆ.

ಇನ್ನು ಕಾಯಿದೆಯ ಮಾತು. ಹಣ ಕೈ ಬದಲಾಗದಿದ್ದರೆ ಕಾನೂನು ಅತ್ತ ನೋಡುವುದಿಲ್ಲವೆಂಬ ಭ್ರಮೆ ನಮ್ಮಲ್ಲಿ ವ್ಯಾಪಕವಾಗಿದೆ. ಭಾವಮೈದುನ ಅಪರಿಚಿತನಂತೆ ಗುಂಪಿಗೆ ಬಂದು, "ನಾನು ಈ ಆ್ಯಪ್ ಬಳಸಿದೆ, ಅದ್ಭುತವಾಗಿದೆ" ಎಂದು ಬರೆಯುವ ನಾಟಕ ಎಲ್ಲರಿಗೂ ಪರಿಚಿತ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪ್ರಕಟಿಸಿದ ಮಾರ್ಗಸೂಚಿಗಳ ಪ್ರಕಾರ, ಶಿಫಾರಸು ಮಾಡುವವರಿಗೂ ವ್ಯಾಪಾರಿಗೂ ಶಿಫಾರಸಿನ ಬೆಲೆಯನ್ನೇ ಬದಲಿಸುವಂತಹ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿದೆ. ಐದು ನಕ್ಷತ್ರ ಕೊಟ್ಟವರಿಗೆ ನೂರು ರೂಪಾಯಿ ರಿಯಾಯಿತಿ ಎಂಬ ಆಮಿಷವನ್ನು ಗೂಗಲ್ ಪ್ಲೇ ಸ್ಟೋರ್‌ನ ನಿಯಮಗಳೇ ನಿಷೇಧಿಸುತ್ತವೆ. ಆ್ಯಪನ್ನೇ ತೆಗೆದುಹಾಕಿದರೆ ಮೊರೆಯಿಡಲು ಕಿಟಕಿ ಹುಡುಕಬೇಕಾದೀತು.

ಗುಂಪಿನ ಅಡ್ಮಿನ್‌ರಿಗೋ ಹೆಚ್ಚು ಹಿಂಬಾಲಕರಿರುವ ಯೂಟ್ಯೂಬ್‌ನವರಿಗೋ ಹಣದ ಬದಲು ತಮ್ಮ ಸರಕನ್ನೇ ಉಡುಗೊರೆ ಕೊಡುವ ಪದ್ಧತಿಯೂ ಬೆಳೆದಿದೆ. ಜಿಎಸ್‌ಟಿಯ 17(5)(ಎಚ್) ಕಲಮಿನಂತೆ ಉಡುಗೊರೆಯಾಗಿ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಪಡೆದಿದ್ದರೆ ಹಿಂದಿರುಗಿಸಬೇಕು. ಅಲ್ಲದೆ 2022ರ ಜುಲೈ 1ರಿಂದ ಬಂದ 194-ಆರ್ ಕಲಮಿನ ಪ್ರಕಾರ, ವೃತ್ತಿ ಅಥವಾ ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಸೌಲಭ್ಯ ಕೊಟ್ಟರೆ ಶೇಕಡಾ 10ರಷ್ಟು ತೆರಿಗೆ ಕಟ್ಟಿಸಬೇಕು. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ಮೀರದ ವೈಯಕ್ತಿಕ ಹಾಗೂ ಅವಿಭಕ್ತ ಕುಟುಂಬದ ವ್ಯಾಪಾರಿಗಳಿಗೆ ವಿನಾಯಿತಿಯಿದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ಹೊಣೆ ಬದಲಾಗಿಲ್ಲ. ಉಚಿತ ಪ್ರಚಾರವೆಂದು ಮೂವತ್ತು ಸಾವಿರದ ಮಿಕ್ಸರ್ ಕೊಟ್ಟವರು ಇದನ್ನು ಒಮ್ಮೆ ತಮ್ಮ ಲೆಕ್ಕಿಗರೊಡನೆ ಚರ್ಚಿಸುವುದು ಒಳಿತು.

ಗುಂಪುಗಳಿಂದ ಫೋನ್ ಸಂಖ್ಯೆಗಳನ್ನು ಹೆಕ್ಕಿ ಪಟ್ಟಿ ಮಾಡಿಕೊಳ್ಳುವವರಿಗೂ ಒಂದು ಎಚ್ಚರಿಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವ ವ್ಯವಸ್ಥೆಯಾಗಿದೆ. ಒಪ್ಪಿಗೆಯೇ ಅದರ ತಳಹದಿ.

ಇದರರ್ಥ ಪಟ್ಟಿಯೇ ಬೇಡವೆಂದಲ್ಲ. ಒಪ್ಪಿಗೆ ಪಡೆದು ಮಾಡಿದ ಸ್ವಂತ ಪಟ್ಟಿ ಅತ್ಯಗತ್ಯ. ಏಕೆಂದರೆ ಈ ಬಳಗಗಳೆಲ್ಲ ಬೇರೆಯವರ ನೆಲದಲ್ಲಿ ಹಾಕಿದ ಚಪ್ಪರಗಳು. ಡ್ರಾಪ್‌ಬಾಕ್ಸನ್ನು ಒಂದೇ ರಾತ್ರಿಯಲ್ಲಿ ಮೇಲೆತ್ತಿದ ಡಿಗ್ 2012ರಲ್ಲಿ ಜುಜುಬಿ ಬೆಲೆಗೆ ಮಾರಾಟವಾಯಿತು. ನಮ್ಮ ಹುಡುಗರೆಲ್ಲ ಇದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಹೋಯಿತು. ಅದೇ ವರ್ಷದ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿ ಗಿರಾಕಿಗಳನ್ನು ಗಳಿಸಿದ್ದವರ ಶ್ರಮವೆಲ್ಲ ಒಂದು ಆದೇಶದಿಂದ ಕೊನೆಗೊಂಡಿತು. ಬೆಂಗಳೂರಿನಿಂದಲೇ ಹೊರಟ ಕೂ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಚಪ್ಪರ ಬಿಚ್ಚುವ ದಿನ ಗಿರಾಕಿಯ ವಿಳಾಸ ನಮ್ಮ ವಹಿಯಲ್ಲಿ ಇರಬೇಕು.

ಕೊನೆಯದಾಗಿ ನಮ್ಮ ವಾಣಿಜ್ಯ ಸಂಸ್ಥೆಯ ಮುಂದೆ ಒಂದು ಸೂಚನೆ ಇಡಬಯಸುತ್ತೇನೆ. 2023ರ ನವೆಂಬರಿನ ನಂತರ ತೆರೆದ ವೈಯಕ್ತಿಕ ಖಾತೆಗಳಿಂದ ಆ್ಯಪ್ ಪ್ರಕಟಿಸುವವರು ಮೊದಲು ನಿಗದಿತ ಸಂಖ್ಯೆಯ ಪರೀಕ್ಷಕರಿಂದ ಸತತ 14 ದಿನ ಬಳಕೆ ಮಾಡಿಸಬೇಕೆಂದು ಗೂಗಲ್ ನಿಯಮ ಮಾಡಿತು. ಮೊದಲು 20 ಇದ್ದ ಆ ಸಂಖ್ಯೆಯನ್ನು 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಿತು. ಸಂಸ್ಥೆಯ ಹೆಸರಿನ ಖಾತೆಗೆ ಈ ನಿಬಂಧನೆಯಿಲ್ಲ, ಆದರೆ ಅದಕ್ಕೆ ಡನ್ಸ್ ಸಂಖ್ಯೆ ಬೇಕು. ಖಾತೆ ತೆರೆಯಲು ಒಮ್ಮೆ ಕಟ್ಟುವ ಶುಲ್ಕ 25 ಡಾಲರ್. ವಿದೇಶಿ ಸಂಸ್ಥೆಯಿಂದ ಬಿಲ್ಲು ಬಂದಿದ್ದರೆ ಅದರ ಮೇಲೆ ರಿವರ್ಸ್ ಚಾರ್ಜ್ ತೆರಿಗೆಯನ್ನೂ ನೆನಪಿಡಬೇಕು. ಖಾತೆಯನ್ನು ಆ್ಯಪ್ ತಯಾರಿಸಿದ ಹುಡುಗನ ಹೆಸರಿನಲ್ಲಿ ತೆರೆಯಲು ಬಿಡಬೇಡಿ, ಆತ ನಾಳೆ ಬೇರೆ ಊರಿಗೆ ಹೋದರೆ ಆ್ಯಪಿನ ಯಜಮಾನಿಕೆಗಾಗಿ ಅವನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಹನ್ನೆರಡು ಪರೀಕ್ಷಕರನ್ನು ಹುಡುಕಲು ಜನ ಈಗ ಅಪರಿಚಿತರ ಟೆಲಿಗ್ರಾಂ ಗುಂಪುಗಳಲ್ಲಿ ಕಾಡಿ ಬೇಡುತ್ತಿದ್ದಾರೆ. ಸಾಲದಿದ್ದರೆ ಹಣ ಕೊಟ್ಟು ಹೆಸರಿಗಷ್ಟೇ ಪರೀಕ್ಷಕರನ್ನು ತರುತ್ತಿದ್ದಾರೆ. ನಮ್ಮ ಸಂಸ್ಥೆಯಲ್ಲಿ ಕಿರಾಣಿಯವರಿದ್ದಾರೆ, ಔಷಧ ವ್ಯಾಪಾರಿಗಳಿದ್ದಾರೆ, ಫೌಂಡ್ರಿಯವರಿದ್ದಾರೆ, ಸಾಗಣೆದಾರರಿದ್ದಾರೆ. ಪ್ರತಿ ತಿಂಗಳು ಒಬ್ಬ ಸದಸ್ಯರ ಆ್ಯಪನ್ನು ಆರಿಸಿ, ಅದರ ಕಸುಬಿಗೆ ಹತ್ತಿರದ ಹನ್ನೆರಡು ಸದಸ್ಯರು ಹದಿನಾಲ್ಕು ದಿನ ನಿಜವಾದ ವ್ಯವಹಾರದಲ್ಲಿ ಬಳಸಿ, ಒಂದು ಪುಟದ ಟಿಪ್ಪಣಿ ಕೊಡುವ ಬಳಗವನ್ನು ಏಕೆ ಆರಂಭಿಸಬಾರದು? ಹೊಗಳಿಕೆ ಬೇಡ, ಎಲ್ಲಿ ಸಿಕ್ಕಿಕೊಂಡಿತು, ಯಾವ ಗುಂಡಿ ಕಾಣಿಸಲಿಲ್ಲ, ಬಿಲ್ಲಿನಲ್ಲಿ ಜಿಎಸ್‌ಟಿ ಸರಿಯಾಗಿ ಬಂತೇ ಎಂಬಷ್ಟೇ ಸಾಕು. ಆ ಟಿಪ್ಪಣಿಯನ್ನು, ಆ್ಯಪಿನ ಮಾಲೀಕರ ಒಪ್ಪಿಗೆಯಿದ್ದರೆ, ಈ ಪತ್ರಿಕೆಯಲ್ಲೇ ಪ್ರಕಟಿಸಬಹುದು. ಇದಕ್ಕೆ ಸಂಸ್ಥೆಗೆ ತಗಲುವ ವೆಚ್ಚ ಕಾರ್ಯದರ್ಶಿಗಳ ಒಂದೆರಡು ತಾಸಿನ ಸಮಯ, ಅದನ್ನು ವೆಚ್ಚವೆಂದೇ ದಾಖಲಿಸೋಣ.

ಮೊದಲ ತಂಡಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಬಹುದು. ನನ್ನದು ಐದು ವರ್ಷ ಹಳೆಯ ಆಂಡ್ರಾಯ್ಡ್ ಫೋನು, ಒಳಗೆ ಜಾಗವೂ ಕಡಿಮೆ. ನಮ್ಮ ತಾಲ್ಲೂಕುಗಳ ಚಿಲ್ಲರೆ ಅಂಗಡಿಗಳಲ್ಲಿ ಇರುವುದೂ ಹೆಚ್ಚು ಕಡಿಮೆ ಅಂತಹದ್ದೇ ಫೋನು. ಅದರಲ್ಲಿ ತೆರೆಯದ ಆ್ಯಪನ್ನು ಯಾವ ಬಳಗದ ಮುಂದೆಯೂ ಇಡುವುದಕ್ಕೆ ಮೊದಲು ತಿದ್ದಿಸಬೇಕಾಗುತ್ತದೆ.